ಒಂದು ಸೆಂಟಿಮೀಟರ್ ಎಂಟು ಮಿಲಿಮೀಟರ್

ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಏಳು ತಿಂಗಳು ಇನ್ಸ್‌ಪೆಕ್ಟರರಾಗಿದ್ದು ನಿವೃತ್ತರಾದ ಆ ಹಿರಿಯರನ್ನು ಪೇಟೆಯ ವ್ಯಾಪಾರಿಗಳು ಬೆನ್ನ ಹಿಂದೆ ಮಿಲಿಮೀಟರ್ ಸಾಹೇಬರು ಎಂದು ಕರೆಯುತ್ತಿದ್ದರು. ಆ ಹೆಸರು ಅವರ ಕಿವಿಗೂ ಬಿದ್ದಿತ್ತು. ಅದರಲ್ಲಿ ಅವಮಾನಕರವಾದುದೇನೂ ಅವರಿಗೆ ಕಂಡಿರಲಿಲ್ಲ. ಸೆಂಟಿಮೀಟರ್ ಸಾಹೇಬರು ಎಂದಿದ್ದರೆ ನೋವಾಗುತ್ತಿತ್ತು.

ತಳವನ್ನು ಒಳಕ್ಕೆ ತಟ್ಟಿಸಿದ ಹಾಲಿನ ಅಳತೆಪಾತ್ರೆ, ತಕ್ಕಡಿಯ ತಟ್ಟೆಯ ಅಡಿಗೆ ಮೆತ್ತಿದ ಮೇಣ, ಒಂದು ತುದಿಯನ್ನು ಸದ್ದಿಲ್ಲದೆ ಅರದಿಂದ ಉಜ್ಜಿ ಸಣ್ಣದಾಗಿಸಿದ ಮೀಟರ್ ಕೋಲು, ಹೀಗೆ ಮನುಷ್ಯನ ಮೋಸಕ್ಕೆ ಎಷ್ಟು ಆಕಾರಗಳುಂಟೋ ಅಷ್ಟನ್ನೂ ಅವರು ಕೈಯಲ್ಲಿ ಹಿಡಿದು ನೋಡಿದ್ದರು. ಇಲಾಖೆ ಅವರನ್ನು ನಿವೃತ್ತಿಗೊಳಿಸಿತೇ ಹೊರತು ಅವರ ಅನುಮಾನವನ್ನಲ್ಲ. ಅಂಗಡಿಯಿಂದ ಬಂದ ಸಕ್ಕರೆಯ ಪೊಟ್ಟಣ ಅಡುಗೆಮನೆಯ ತಕ್ಕಡಿ ಏರದೆ ಡಬ್ಬಿಗೆ ಇಳಿಯುತ್ತಿರಲಿಲ್ಲ.

"ರೀ, ಮದುವೆಗೆ ಮುಂಚೆ ನನ್ನನ್ನೂ ತೂಕ ಮಾಡಿಸಿದ್ರಾ?" ಎಂದು ಅವರ ಹೆಂಡತಿ ಒಮ್ಮೆ ಕೇಳಿದ್ದರು.

"ಆಗ ನಾನಿನ್ನೂ ಕೆಲಸಕ್ಕೆ ಸೇರಿರಲಿಲ್ಲ" ಎಂದು ಸಾಹೇಬರು ಗಂಭೀರವಾಗಿ ಉತ್ತರಿಸಿದ್ದರು.

ಇಂಥವರು ಮಲಗುವ ಹಲಗೆಯೂ ಬಚ್ಚಲೂ ಒಳಗೇ ಇರುವ ಕ್ಯಾಂಪರ್‌ವ್ಯಾನ್ ಬಾಡಿಗೆಗೆ ಹಿಡಿಯಲು ಹೊರಟದ್ದು ಅಣ್ಣನ ಕಣ್ಣಿನ ಕಾರಣದಿಂದ.

ಎಪ್ಪತ್ತನಾಲ್ಕು ವರ್ಷದ ಅಣ್ಣ ದೂರದೂರಿನ ಬಸ್ಸಿನ ಚಾಲಕರಾಗಿದ್ದವರು. ಮೂವತ್ತನಾಲ್ಕು ವರ್ಷ ಒಂದೇ ದಾರಿ: ಬಯಲು ದಾಟಿ, ಬೆಟ್ಟ ಹತ್ತಿ, ಆಚೆ ಇಳಿಯುವುದು. ಬೆಟ್ಟದ ಒಂಬತ್ತನೆಯ ತಿರುವಿನಲ್ಲಿ ಬಲಗಡೆಯ ಬಂಡೆ ಇದ್ದಕ್ಕಿದ್ದಂತೆ ಮುಗಿದು, ಕೆಳಗೆ ಸರೋವರ ತೆರೆದುಕೊಳ್ಳುತ್ತದೆ. ಬಸ್ಸು ಅಲ್ಲಿ ತಿರುಗಿದೊಡನೆ ಐವತ್ತೆರಡು ಸೀಟಿನ ಜನ ಒಂದೇ ಉಸಿರಿಗೆ "ಅಯ್ಯೋ, ನೋಡಿ ನೋಡಿ!" ಎನ್ನುತ್ತಿದ್ದರು. ಅಣ್ಣ ಒಂದು ಸಲವೂ ತಲೆ ತಿರುಗಿಸಲಿಲ್ಲ. ಅಂಥ ತಿರುವಿನಲ್ಲಿ ನೋಟ ನೋಡುವವನ ಕೈಗೆ ಐವತ್ತೆರಡು ಜೀವ ಕೊಡಬಾರದು ಎಂಬುದು ಅವರ ಅಭಿಪ್ರಾಯ.

"ನಾನು ಆ ಸರೋವರಾನ ಮೂವತ್ತನಾಲ್ಕು ವರ್ಷ ಕೇಳಿದೀನಿ ಕಣೋ. ನೋಡಿಲ್ಲ" ಎನ್ನುತ್ತಿದ್ದರು.

ನಿವೃತ್ತಿಯಾದ ಮೇಲೆ ಹೋಗಿ ನೋಡುವುದೆಂದಿತ್ತು. ಅಷ್ಟರಲ್ಲಿ ಅತ್ತಿಗೆ ಹಾಸಿಗೆ ಹಿಡಿದರು. ಅವರ ಆರೈಕೆಯಲ್ಲಿ ಎಂಟು ವರ್ಷ ಕಳೆಯಿತು. ಅತ್ತಿಗೆ ತೀರಿಕೊಂಡ ಮೇಲೆ ಅಣ್ಣ ತಮ್ಮನ ಮನೆಯ ಮುಂಗೋಣೆಗೆ ಬಂದು ನೆಲೆಸಿದರು. ಈಗ ನೋಡಿದರೆ ಕಣ್ಣಿನ ವೈದ್ಯರು ಪರದೆಯ ಮೇಲೆ ಎರಡು ಚಿತ್ರ ತೋರಿಸಿ, ಸುತ್ತು ಬಳಸದೆ ಹೇಳಿದ್ದರು:

"ನೋಟದ ನಡುಭಾಗ ಸವೆದು ಹೋಗ್ತಿದೆ. ಅಂಚು ಉಳಿಯುತ್ತೆ, ನಡು ಹೋಗುತ್ತೆ. ಎಡಗಣ್ಣಲ್ಲಿ ಆಗಲೇ ಹೋಗಿದೆ. ಬಲಗಣ್ಣು ಇನ್ನು ಎಷ್ಟು ವಾರವೋ ಹೇಳಕ್ಕಾಗಲ್ಲ. ನೋಡ್ಬೇಕು ಅಂತ ಏನಾದ್ರೂ ಇದ್ರೆ ಮುಂದಕ್ಕೆ ಹಾಕ್ಬೇಡಿ."

ಹೋಗಲು ಮೂರು ದಿನ, ಬರಲು ಮೂರು ದಿನ. ದಾರಿಯಲ್ಲಿ ಹೋಟೆಲುಗಳಿದ್ದವು. ಆದರೆ ದಿನಕ್ಕೊಂದು ಹೊಸ ಕೋಣೆ, ಹೊಸ ಹೊಸ್ತಿಲು, ಹೊಸ ಬಚ್ಚಲು ಎಂದರೆ ಅಣ್ಣ ಬರಲೊಪ್ಪಲಿಲ್ಲ. ನೆಂಟರ ಮನೆಯಲ್ಲಿ ಒಮ್ಮೆ ಬಾಗಿಲೆಂದು ಬೀರುವಿನೊಳಕ್ಕೆ ಕಾಲಿಟ್ಟು, ಹಣೆ ಒಡೆದುಕೊಂಡು, ಅದಕ್ಕಿಂತ ಹೆಚ್ಚಾಗಿ ನಾಚಿಕೊಂಡಿದ್ದರು. ಕ್ಯಾಂಪರ್‌ವ್ಯಾನಿನ ಉಪಾಯ ಹೇಳಿದ್ದು ಸಾಹೇಬರ ಹೆಂಡತಿ. ಊರು ಬದಲಾದರೂ ಹಾಸಿಗೆ, ನಲ್ಲಿ, ಬಚ್ಚಲಿನ ಚಿಲಕ ಬದಲಾಗುವುದಿಲ್ಲ. ಭಾವ ಒಂದು ಸಲ ಕೈಯಲ್ಲಿ ಮುಟ್ಟಿ ಕಲಿತರೆ ಆರು ದಿನಕ್ಕೂ ಸಾಕು. ಉಪಾಯ ಎಷ್ಟು ಸರಿಯಾಗಿತ್ತೆಂದರೆ, ಇದರಲ್ಲಿ ಎಲ್ಲೋ ಏನೋ ಇರಬೇಕೆಂದು ಸಾಹೇಬರು ಎರಡು ದಿನ ಹುಡುಕಿದರು. ಸಿಗಲಿಲ್ಲ.

ಜಾಹೀರಾತುಗಳಲ್ಲಿ ಮಾತ್ರ ಹುಡುಕುವ ಕಷ್ಟವೇ ಇರಲಿಲ್ಲ. ಅತಿ ಅಗ್ಗದ ವ್ಯಾನಿನವರು 'ನಾಲ್ವರು ಆರಾಮವಾಗಿ ಮಲಗಬಹುದು' ಎಂದು ಬರೆದಿದ್ದರು. ಚಿತ್ರ ನೋಡಿದರೆ ಆ ನಾಲ್ವರೂ ಒಬ್ಬರ ಮೇಲೊಬ್ಬರು ಮಲಗಬೇಕಿತ್ತು, ಬಚ್ಚಲಿನ ಜಾಗದಲ್ಲಿ ಮುಚ್ಚಳವಿದ್ದ ಒಂದು ಬಕೆಟ್ ಇತ್ತು. ಅತಿ ದುಬಾರಿಯದರಲ್ಲಿ ಗೋಡೆಯಗಲದ ಟಿವಿ, ಬಣ್ಣ ಬದಲಿಸುವ ದೀಪ, ಛಾವಣಿಯ ಮೇಲೆ ಕೂರಲು ಮಂಚ. ಅಗ್ಗದವನು ಇಲ್ಲದ್ದನ್ನು ಇದೆಯೆನ್ನುತ್ತಾನೆ, ದುಬಾರಿಯವನು ಬೇಡವಾದದ್ದನ್ನು ಬೇಕೆನ್ನುತ್ತಾನೆ. ಇಬ್ಬರ ನಡುವೆ ಇರುವವನೊಬ್ಬನೇ ವಿಚಾರಣೆಗೆ ಯೋಗ್ಯ ಎಂದು ಸಾಹೇಬರು ತೀರ್ಮಾನಿಸಿದರು. ನಂಬಿಕೆಗೆ ಯೋಗ್ಯ ಎಂದಲ್ಲ, ವಿಚಾರಣೆಗೆ. ಮಧ್ಯಮ ದರ್ಜೆಯ ವ್ಯಾನ್ ಬಾಡಿಗೆಗೆ ಕೊಡುವವರು ಊರಿನಲ್ಲಿ ಮೂವರಿದ್ದರು. ಸಾಹೇಬರು ಒಂದು ನೋಟ್‌ಬುಕ್ಕನ್ನೂ ಇಲಾಖೆಯ ಕಾಲದ ತಮ್ಮ ಉಕ್ಕಿನ ಟೇಪನ್ನೂ ಚೀಲಕ್ಕೆ ಹಾಕಿಕೊಂಡರು.

ಆ ಟೇಪಿನ ಬಗ್ಗೆ ಎರಡು ಮಾತು ಹೇಳಬೇಕು. ಅದು ಚರ್ಮದ ಡಬ್ಬಿಯೊಳಗೆ ಸುತ್ತಿಕೊಳ್ಳುವ ಹತ್ತು ಮೀಟರಿನ ಟೇಪು. ತುದಿಯಲ್ಲೊಂದು ಉಂಗುರ. ಉಂಗುರದ ಹೊರ ಅಂಚನ್ನು ವಸ್ತುವಿನ ಒಂದು ಕೊನೆಗೆ ಸರಿಯಾಗಿ ಹಿಡಿದು ಇನ್ನೊಂದು ಕೊನೆಯಲ್ಲಿ ಅಂಕಿ ಓದಬೇಕು. ಅಳತೆ ಶುರುವಾಗುವುದೇ ಆ ಉಂಗುರದ ಅಂಚಿನಿಂದ.

ಮೊದಲನೆಯ ಅಂಗಡಿ ಹಳೆಯ ಗೋದಾಮೊಂದರಲ್ಲಿತ್ತು. ಒಡೆಯನ ಮೈಯಿಂದ ಅತ್ತರು, ವ್ಯಾನಿನಿಂದ ಹೊಸ ಬಣ್ಣ ಘಮ್ಮೆನ್ನುತ್ತಿತ್ತು. ಎರಡೂ ಏನನ್ನೋ ಮುಚ್ಚಲು ಬಳಿದದ್ದೆಂದು ಸಾಹೇಬರಿಗೆ ತೋರಿತು. ನೀರಿನ ತೊಟ್ಟಿ ಎಂಬತ್ತು ಲೀಟರ್ ಎಂದು ಬರೆದಿತ್ತು. ಸಾಹೇಬರು ತಮ್ಮದೇ ಪಾತ್ರೆಯಲ್ಲಿ ಅಳೆದಳೆದು ಸುರಿಸಿದರು. ಎಂಬತ್ತಕ್ಕೆ ತುಂಬಿ, ಎಂಬತ್ತೊಂದನೆಯದು ಹೊರಚೆಲ್ಲಿತು. ಇದರಿಂದ ಅವರ ಅನುಮಾನ ಬಲವಾಯಿತು. ನೀರಿನಲ್ಲಿ ಇಷ್ಟು ಪ್ರಾಮಾಣಿಕನಾದವನು ಬೇರೆಲ್ಲೋ ಹೊಡೆದಿರಲೇಬೇಕು.

ಹೊಡೆದಿದ್ದನು. ಮಲಗುವ ಹಲಗೆ ನೂರ ತೊಂಬತ್ತು ಸೆಂಟಿಮೀಟರ್ ಎಂದು ಕಾಗದದಲ್ಲಿತ್ತು. ಟೇಪಿನಲ್ಲಿ ಬಂದದ್ದು ನೂರ ಎಂಬತ್ತೆಂಟು ಬಿಂದು ಎರಡು.

"ಸರ್, ಹಾಸಿಗೆ ಅಲ್ವಾ, ಒಂಚೂರು ಆಕಡೆ ಈಕಡೆ ಆಗುತ್ತೆ" ಎಂದ ಒಡೆಯ.

"ನಾನು ಹಾಸಿಗೆ ಅಳೀಲಿಲ್ಲ. ಹಲಗೆ ಅಳೆದೆ. ಹಲಗೆ ಆಕಡೆ ಈಕಡೆ ಆಗಲ್ಲ."

"ಮಲಗೋರು ಎಷ್ಟು ಎತ್ತರ ಸರ್?"

"ನೂರ ಎಂಬತ್ತೈದು."

"ಹಾಗಾದ್ರೆ ಸಾಕಲ್ಲ ಸರ್!"

"ಸಾಕೋ ಬೇಕೋ ಆಮೇಲಿನ ಮಾತು. ನೀವು ಬರೆದದ್ದು ನಿಜವೋ ಸುಳ್ಳೋ ಅಷ್ಟು ಹೇಳಿ."

ಒಂದು ಸೆಂಟಿಮೀಟರ್ ಎಂಟು ಮಿಲಿಮೀಟರಿನಲ್ಲಿ ಸುಳ್ಳು ಹೇಳುವವನು ಬ್ರೇಕಿನಲ್ಲಿ ನಿಜ ಹೇಳುತ್ತಾನೆಯೇ? ಸಾಹೇಬರು ಈ ಪ್ರಶ್ನೆಯನ್ನು ಪತ್ರದಲ್ಲಿ ಬರೆದು, ನೋಂದಾಯಿತ ಅಂಚೆಯಲ್ಲಿ ಆ ಅಂಗಡಿಗೆ ಕಳುಹಿಸಿ, ಉತ್ತರಕ್ಕೆ ಏಳು ದಿನದ ಗಡುವು ಕೊಟ್ಟರು. ಉತ್ತರ ಬರಲಿಲ್ಲ. ಗಡುವು ಮುಗಿಯುವವರೆಗೆ ಎರಡನೆಯ ಅಂಗಡಿಗೆ ಹೋಗುವುದು ನ್ಯಾಯವಲ್ಲವೆಂದು ಕಾದರು.

ಎರಡನೆಯದು ಇಬ್ಬರು ಅಣ್ಣತಮ್ಮಂದಿರದ್ದು. ಒಬ್ಬ ಹೌದೆಂದದ್ದನ್ನು ಇನ್ನೊಬ್ಬ ಅಲ್ಲವೆನ್ನುತ್ತಿದ್ದ. ಅಲ್ಲಿ ಹಲಗೆ ನೂರ ತೊಂಬತ್ತೈದು ಎಂದಿತ್ತು. ನೂರ ತೊಂಬತ್ತಮೂರು ಬಿಂದು ಎರಡು ಬಂತು. ಊಟದ ಮೇಜು ತೊಂಬತ್ತು ಎಂದಿತ್ತು. ಎಂಬತ್ತೆಂಟು ಬಿಂದು ಎರಡು. ಬಾಗಿಲ ಅಗಲ ಅರವತ್ತು ಎಂದಿತ್ತು. ಐವತ್ತೆಂಟು ಬಿಂದು ಎರಡು. ಸಾಹೇಬರು ನೋಟ್‌ಬುಕ್ಕಿನಲ್ಲಿ ಕೊರತೆಯ ಅಂಕಿಗಳನ್ನು ಒಂದರ ಕೆಳಗೊಂದು ಬರೆದು ನೋಡಿದರು. ಎಲ್ಲ ಕಡೆಯೂ ಒಂದು ಬಿಂದು ಎಂಟು! ಇದು ಬಿಡಿ ಬಿಡಿ ಕಳ್ಳತನವಲ್ಲ. ಊರಿನ ವ್ಯಾನಿನವರೆಲ್ಲ ಸೇರಿ, ಒಬ್ಬನೇ ಬಡಗಿಯನ್ನಿಟ್ಟು, ಕಣ್ಣಿಗೆ ಬೀಳದಷ್ಟು ಚಿಕ್ಕದಾದ, ಆದರೆ ಎಲ್ಲರಿಗೂ ಸಮನಾದ ಕಡಿತವನ್ನು ನಿಗದಿ ಮಾಡಿಕೊಂಡಿದ್ದಾರೆ. ಮೂವತ್ತೊಂದು ವರ್ಷದ ಸೇವೆಯಲ್ಲಿ ಇಷ್ಟು ಅಚ್ಚುಕಟ್ಟಾದ ಒಳಸಂಚು ಅವರ ಕೈಗೆ ಸಿಕ್ಕಿರಲಿಲ್ಲ.

ಅಣ್ಣತಮ್ಮಂದಿರಿಗೂ ಒಂದು ಪತ್ರ ಹೋಯಿತು. ಇಲಾಖೆಗೆ ಕೊಡಬೇಕಾದ ದೂರು ನಾಲ್ಕು ಪುಟ ತಲುಪಿತು.

ಇತ್ತ ಮುಂಗೋಣೆಯಲ್ಲಿ ದಿನಗಳು ಉರುಳುತ್ತಿದ್ದವು. ಕುರ್ಚಿಯ ಎದುರಿಗಿದ್ದ ಗೋಡೆ ಗಡಿಯಾರವನ್ನು ನೋಡಿ ಗಂಟೆ ಹೇಳುವುದು ಅಣ್ಣನ ಬಸ್ಸಿನ ಕಾಲದ ಅಭ್ಯಾಸ. ವೈದ್ಯರ ಬಳಿ ಹೋಗಿಬಂದ ವಾರ ಅವರು "ಹತ್ತೂ ಇಪ್ಪತ್ತು" ಎನ್ನುತ್ತಿದ್ದರು. ಮುಂದಿನ ವಾರ "ಹತ್ತರ ಮೇಲಾಗಿದೆ" ಎಂದರು. ಮೂರನೆಯ ವಾರದ ಒಂದು ಬೆಳಿಗ್ಗೆ ಸಾಹೇಬರ ಹೆಂಡತಿ ಚಹಾ ತಂದಿಟ್ಟು "ಎಷ್ಟಾಯ್ತು ಭಾವ?" ಎಂದು ಕೇಳಿದರೆ, ಅಣ್ಣ ಮುಖ ಅತ್ತಿತ್ತ ತಿರುಗಿಸಿ, "ಗಡಿಯಾರದ ಕಟ್ಟು ಕಾಣ್ತಿದೆಯಮ್ಮಾ. ಮುಳ್ಳು ಎರಡೂ ರಜೆ ಮೇಲೆ ಹೋಗಿವೆ" ಎಂದರು.

ಆಕೆ ಒಳಕ್ಕೆ ಬಂದು, ದೂರಿನ ಐದನೆಯ ಪುಟ ಬರೆಯುತ್ತಿದ್ದ ಗಂಡನ ಎದುರು ನಿಂತರು.

"ರೀ, ನಾವು ಹೊರಟಿರೋದು ವ್ಯಾನಿನವರನ್ನ ಜೈಲಿಗೆ ಹಾಕ್ಸಕ್ಕಾ, ಭಾವನಿಗೆ ಸರೋವರ ತೋರ್ಸಕ್ಕಾ?"

"ಕಳ್ಳರ ಗಾಡಿಯಲ್ಲಿ ಅಣ್ಣನನ್ನ ಬೆಟ್ಟ ಹತ್ತಿಸಲಾ? ತಿರುವಿನಲ್ಲಿ ಬ್ರೇಕು ಒಂದು ಬಿಂದು ಎಂಟು ಕಡಿಮೆ ಹಿಡಿದ್ರೆ ಯಾರು ಜವಾಬ್ದಾರಿ?"

"ಇನ್ನೊಂದು ವಾರ ಹೀಗೇ ಅಳೀತಾ ಕೂತ್ರೆ ಬ್ರೇಕು ಹಿಡಿದ್ರೂ ಒಂದೇ, ಬಿಟ್ರೂ ಒಂದೇ. ನಾಳೆ ಮೂರನೇ ಅಂಗಡಿಗೆ ಹೋಗೋದು. ನಾನೂ ಬರ್ತೀನಿ, ಭಾವನೂ ಬರ್ತಾರೆ."

ಹೆಂಡತಿ ಇಷ್ಟು ಗಟ್ಟಿಯಾಗಿ ಮಾತನಾಡುವುದು ಅಪರೂಪ. ಇದರ ಹಿಂದೆ ಏನಿರಬಹುದೆಂದು ಸಾಹೇಬರು ಸ್ವಲ್ಪ ಹೊತ್ತು ಯೋಚಿಸಿದರು.

ಮೂರನೆಯ ಅಂಗಡಿಯ ಒಡತಿ ಐವತ್ತರ ಆಸುಪಾಸಿನ ಹೆಂಗಸು. ಮುಂದುಗಡೆ ಹಳೆಯ ಬಟ್ಟೆ ಅಂಗಡಿಯ ಖಾಲಿ ಕಪಾಟುಗಳು, ಹಿಂದಿನ ಅಂಗಳದಲ್ಲಿ ಮೂರೇ ಮೂರು ವ್ಯಾನುಗಳು, ನಡುವೆ ಒಂದು ಹೊಲಿಗೆ ಯಂತ್ರ. ವ್ಯಾನುಗಳ ಪರದೆ, ದಿಂಬಿನ ಚೀಲ, ಸೀಟಿನ ಕವಚಗಳನ್ನು ಆಕೆ ತಾನೇ ಹೊಲಿಯುತ್ತಿದ್ದಳು. ಇವರು ಒಳಬಂದಾಗ ಯಂತ್ರದಿಂದ ತಲೆಯೆತ್ತಿ, ಸಾಹೇಬರನ್ನು ನೋಡಿ, ಬೇಕಾದುದಕ್ಕಿಂತ ಒಂದು ಕ್ಷಣ ಹೆಚ್ಚು ನೋಡಿದಳು.

"ಬನ್ನಿ ಸಾಹೇಬ್ರೇ" ಎಂದಳು.

'ಸರ್' ಎನ್ನದೆ 'ಸಾಹೇಬ್ರೇ' ಎಂದದ್ದೇಕೆ? ಮೊದಲಿನ ಇಬ್ಬರು ಫೋನು ಮಾಡಿ ಎಚ್ಚರಿಸಿರಬೇಕು. ಸಾಹೇಬರು ಚೀಲವನ್ನು ಬಿಗಿಯಾಗಿ ಹಿಡಿದರು.

ಅಣ್ಣ ಮಾತ್ರ ಯಾರ ಅಪ್ಪಣೆಗೂ ಕಾಯಲಿಲ್ಲ. ನಡುವಿನ ವ್ಯಾನಿನ ಬಾಗಿಲ ಹಿಡಿಯನ್ನು ತಡವಿ, ಮೆಟ್ಟಿಲನ್ನು ಕಾಲಿನಿಂದ ತಟ್ಟಿ ನೋಡಿ, ಹತ್ತಿಯೇಬಿಟ್ಟರು. ಒಳಗೆ ಅವರ ಕೈ ನಲ್ಲಿ, ಒಲೆಯ ಗುಂಡಿ, ಕಪಾಟಿನ ಅಂಚುಗಳ ಮೇಲೆ ಹೊಸ ಬಸ್ಸಿನ ಗೇರು ಕಲಿಯುವಂತೆ ಓಡಾಡಿತು. ಹತ್ತು ನಿಮಿಷದಲ್ಲಿ ಕಣ್ಣು ಮುಚ್ಚಿಕೊಂಡು ಬಚ್ಚಲಿಗೆ ಹೋಗಿ, ಚಿಲಕ ಹಾಕಿ, ತೆಗೆದು, ಹಿಂದಿರುಗಿದರು.

"ಎರಡೂವರೆ ಹೆಜ್ಜೆ. ಎಡಗೈಗೆ ದೀಪ. ಮುಗೀತು" ಎಂದು ಘೋಷಿಸಿ, ಹಲಗೆಯ ಮೇಲೆ ಉದ್ದಕ್ಕೆ ಮಲಗಿದರು. "ಕಾಲು ಪೂರ್ತಿ ಚಾಚಿದೀನಿ ಕಣೋ. ಮಾತಾಡಿ ಮುಗಿಸು, ಹೊರಡೋಣ."

"ಏಳಣ್ಣಾ, ಅಳೀಬೇಕು."

"ನನ್ನನ್ನಾ?"

"ಹಲಗೇನ."

ಅಣ್ಣ ಮುಂದಿನ ಸೀಟಿಗೆ ಹೋಗಿ ಕುಳಿತರು. ಒಡತಿ ಬಾಗಿಲಲ್ಲಿ ನಿಂತಳು. ಸಾಹೇಬರು ಹಾಸಿಗೆ ಎತ್ತಿಸಿ, ಟೇಪಿನ ಉಂಗುರವನ್ನು ಹಲಗೆಯ ಅಂಚಿಗೆ ಹಿಡಿಯುವಂತೆ ಹೆಂಡತಿಗೆ ಹೇಳಿ, ಇನ್ನೊಂದು ಕೊನೆಗೆ ಬಗ್ಗಿದರು. ಕಾಗದದಲ್ಲಿದ್ದದ್ದು ನೂರ ತೊಂಬತ್ತು. ಬಂದದ್ದು...

"ನೂರ ಎಂಬತ್ತೆಂಟು ಬಿಂದು ಎರಡು!" ಎಂದು ಸಾಹೇಬರು ಎದ್ದುನಿಂತ ರಭಸಕ್ಕೆ ತಲೆ ಕಪಾಟಿಗೆ ಬಡಿಯಿತು. ಅದನ್ನೂ ಲೆಕ್ಕಿಸಲಿಲ್ಲ. "ನೋಡಿಯಮ್ಮಾ, ನಿಮ್ಮ ಆಟವೆಲ್ಲ ನನಗೆ ಗೊತ್ತಾಗಿದೆ. ಮೂರು ಅಂಗಡಿ, ಐದು ಅಳತೆ, ಐದಕ್ಕೂ ಒಂದೇ ಕಡಿತ. ಯಾವ ಬಡಗಿ? ಹೆಸರು ಹೇಳಿಬಿಡಿ, ನಿಮ್ಮ ಮೇಲಿನ ದೂರನ್ನ ಬೇಕಾದ್ರೆ ಹಗುರ ಮಾಡ್ತೀನಿ."

ಒಡತಿ ಗಾಬರಿಯಾಗಲಿಲ್ಲ. ಇದು ಸಾಹೇಬರಿಗೆ ಹಿಡಿಸಲಿಲ್ಲ.

"ಮೂರು ಕಡೆನೂ ಅಷ್ಟೇ ಕಮ್ಮಿ ಬಂತಾ ಸಾಹೇಬ್ರೇ?"

"ಅಷ್ಟೇ. ಮಿಲಿಮೀಟರೂ ಹೆಚ್ಚಿಲ್ಲ, ಕಡಿಮೆಯಿಲ್ಲ."

"ನನ್ನ ಬಡಗಿ ನನ್ನ ಚಿಕ್ಕಪ್ಪ. ಅವನು ಹೋಗಿ ಮೂರು ವರ್ಷ ಆಯ್ತು. ಹಲಗೆ ಅವನೇ ಕೂಡಿಸಿದ್ದು, ನಾನೇ ಅಳತೆ ಹಿಡಿದಿದ್ದು. ಇರಿ, ಬಂದೆ."

ಅಂಗಡಿಯೊಳಗೆ ಹೋಗಿ ಆಕೆ ತಂದದ್ದು ಬಟ್ಟೆ ಅಳೆಯುವ ಉಕ್ಕಿನ ಮೀಟರ್ ಕೋಲು. ಅದನ್ನು ಖಡ್ಗದಂತೆ ಎರಡು ಕೈಯಲ್ಲಿ ಹಿಡಿದು ಸಾಹೇಬರ ಮುಂದೆ ಚಾಚಿದಳು.

"ನಮ್ಮಮ್ಮನ ಕಾಲದ ಕೋಲು. ಗುರುತಿದೆಯಾ ನೋಡಿ. ನಾನು ಆಗ ಕಾಲೇಜು ಮುಗಿಸಿ ಅಂಗಡೀಲಿ ಕೂರ್ತಿದ್ದೆ. ನೀವು ಬಂದ್ರಿ. ನಮ್ಮ ಹಳೇ ಕೋಲು ಒಂದು ಮಿಲಿಮೀಟರ್ ಸವೆದಿದೆ ಅಂತ ಗಿರಾಕಿಗಳ ಎದುರಿಗೇ ಮುರಿದು ಹಾಕಿ, ಅಮ್ಮನಿಗೆ ಹೊಸದು ತರ್ಸಿ, ಮುದ್ರೆ ಒತ್ತಿ ಕೊಟ್ರಿ. ಅಮ್ಮ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ."

ಸಾಹೇಬರು ಕನ್ನಡಕ ಬದಲಿಸಿ ನೋಡಿದರು. ಕೋಲಿನ ಎರಡು ತುದಿಗೂ ಇಲಾಖೆಯ ಮುದ್ರೆ. ಮುದ್ರೆಯ ಕೆಳಗೆ ಇನ್ಸ್‌ಪೆಕ್ಟರರ ಸಂಖ್ಯೆ: ಹದಿನೇಳು. ಆ ಸಂಖ್ಯೆ ಇಲಾಖೆಯಲ್ಲಿ ಒಬ್ಬರಿಗೇ ಇತ್ತು.

ಹಾಗಾದರೆ ಇದು ಸೇಡು. 'ಸಾಹೇಬ್ರೇ' ಎಂಬ ಮಾತಿನ ಗುಟ್ಟು ಒಡೆಯಿತು. ಆದರೂ ಸೇಡಿಗೆ ತಕ್ಕ ಮುಖ ಅದಾಗಿರಲಿಲ್ಲ.

"ಈ ಮುದ್ರೆಯ ಅವಧಿ ಮುಗಿದು ಎಷ್ಟೋ ವರ್ಷವಾಗಿದೆ" ಎಂದರು, ಕಾನೂನಿನ ಕೊನೆಯ ಕೊಂಬೆಗೆ ಜೋತುಬಿದ್ದು.

"ಅವಧಿ ಮುಗಿದಿದೆ. ಕೋಲು ಮುಗಿದಿಲ್ಲ. ಸವೆದ್ರೆ ಚಿಕ್ಕದಾಗ್ಬೇಕು ಅಲ್ವಾ ಸಾಹೇಬ್ರೇ, ಅಂಗಡಿ ಮೂಲೇಲಿ ನಿಂತು ಬೆಳೆಯಲ್ಲವಲ್ಲ? ನಿಮ್ಮ ಟೇಪಲ್ಲಿ ಇದನ್ನ ಅಳೀರಿ."

ಸಾಹೇಬರು ಕೋಲನ್ನು ಹಲಗೆಯ ಮೇಲಿಟ್ಟು, ಉಂಗುರವನ್ನು ತಾವೇ ತುದಿಗೆ ಹಿಡಿದು, ಟೇಪನ್ನು ಎಳೆದರು. ನೂರು ಬರಬೇಕಾದಲ್ಲಿ ತೊಂಬತ್ತೆಂಟು ಬಿಂದು ಎರಡು ಬಂತು. ಮತ್ತೊಮ್ಮೆ ಅಳೆದರು. ಮಗ್ಗುಲು ಬದಲಿಸಿ ಅಳೆದರು. ತೊಂಬತ್ತೆಂಟು ಬಿಂದು ಎರಡು.

ಕೋಲು ಸುಳ್ಳೆಂದರೆ ತಮ್ಮ ಮುದ್ರೆ ಸುಳ್ಳು. ಮುದ್ರೆ ನಿಜವೆಂದರೆ ಟೇಪು ಸುಳ್ಳು. ಮೂರನೆಯ ಹಾದಿಯೊಂದಿದೆಯೇ ಎಂದು ಅವರ ಅನುಮಾನವೆಂಬ ಹಳೆಯ ನಾಯಿ ಸುತ್ತಲೂ ಮೂಸಿ ನೋಡಿ, ಏನೂ ಸಿಗದೆ, ಕೊನೆಗೆ ಮೊದಲ ಬಾರಿಗೆ ತನ್ನದೇ ಒಡೆಯನ ಕೈಯತ್ತ ತಿರುಗಿತು. ಟೇಪಿನ ತುದಿಯಲ್ಲಿ ಇರಬೇಕಾಗಿದ್ದದ್ದು ಚಪ್ಪಟೆಯಾದ, ಬೆರಳುಗುರಿನಷ್ಟು ಚಿಕ್ಕ ಹಿತ್ತಾಳೆಯ ಉಂಗುರ. ಇದ್ದದ್ದು ದುಂಡನೆಯ, ದಪ್ಪನೆಯ, ಬಿಳಿ ಲೋಹದ ಬಳೆಯಂಥದ್ದು.

"ಇದು... ಇದು ನನ್ನ ಉಂಗುರವಲ್ಲ. ಯಾರೋ ಬದಲಾಯಿಸಿದಾರೆ!"

"ರೀ" ಎಂದರು ಹೆಂಡತಿ, ಬಹಳ ಮೆಲ್ಲಗೆ. "ಅದು ನಮ್ಮ ಬೀರು ಕೀಲಿ ಗೊಂಚಲಿನ ಉಂಗುರ."

"ಏನು?"

"ಬಟ್ಟೆ ಒಣಗ್ಸೋ ಹಗ್ಗಕ್ಕೆ ಅಳತೆ ನೋಡ್ತಿದ್ದೆ. ಉಂಗುರ ಮೊಳೆಗೆ ಸಿಕ್ಕಿ ಕಿತ್ತು ಬಂತು. ಗೊಂಚಲಲ್ಲಿ ಒಂದು ಹೆಚ್ಚಿಗೆ ಇತ್ತು, ಹಾಕ್ಬಿಟ್ಟೆ. ಉಂಗುರ ಅಂದ್ರೆ ಹಿಡ್ಕೊಳಕ್ಕೆ ಅಂತ ಅಂದ್ಕೊಂಡಿದ್ದೆ, ಅದೂ ಅಳತೇಲಿ ಸೇರುತ್ತೆ ಅಂತ ನನಗೇನು ಗೊತ್ತು?"

"ಯಾವಾಗ?"

"ನೀವು ರಿಟೈರ್ ಆದ ಮಾರನೇ ವರ್ಷ."

"ಒಂಬತ್ತು ವರ್ಷ! ಒಂದು ಮಾತು ಹೇಳಲಿಲ್ಲ!"

"ಹೇಳಿದ್ರೆ ಒಂದು ವಾರ ವಿಚಾರಣೆ ಆಗ್ತಿತ್ತು. ಮೊಳೆ ಹೊಡೆದೋರು ಯಾರು, ಹಗ್ಗ ತಂದೋರು ಯಾರು ಅಂತ. ಆಮೇಲೆ ಮರೆತೇಹೋಯ್ತು."

ಊರಿನ ಪ್ರತಿ ಕೋಲನ್ನೂ ತಪ್ಪದೆ ಪರೀಕ್ಷಿಸಿ, ತಪ್ಪಿದ್ದನ್ನು ಮುರಿದು ಹಾಕಿದ ಮನುಷ್ಯ ತಮ್ಮ ಸ್ವಂತ ಟೇಪನ್ನು ಒಂಬತ್ತು ವರ್ಷ ಒಮ್ಮೆಯೂ ಪರೀಕ್ಷೆಗೆ ಒಡ್ಡಿರಲಿಲ್ಲ. ಅದು ತಮ್ಮದೆಂಬ ಒಂದೇ ಕಾರಣಕ್ಕೆ ಅದನ್ನು ನಂಬಿದ್ದರು. ಇಂಥ ಕಾರಣವನ್ನು ಯಾವ ವ್ಯಾಪಾರಿ ಹೇಳಿದ್ದರೂ ಸಾಹೇಬರು ಆತನಿಗೆ ಆ ಕ್ಷಣವೇ ನೋಟೀಸು ಬರೆಯುತ್ತಿದ್ದರು.

ಮುಂದಿನ ಸೀಟಿನಿಂದ ಗೊಳ್ಳೆಂದು ನಗು ಎದ್ದಿತು. ಅಣ್ಣ ಸ್ಟಿಯರಿಂಗ್ ಚಕ್ರವನ್ನು ಗುದ್ದಿ ಗುದ್ದಿ ನಗುತ್ತಿದ್ದರು.

"ಪೇಟೆಯೋರಿಗೆ ಗೊತ್ತಾದ್ರೆ ಮೆರವಣಿಗೆ ಮಾಡ್ತಾರೆ ಕಣೋ! ಅಯ್ಯೋ, ಈಗ ನಿನ್ನ ಮುಖ ಹೇಗಿದೆಯೋ ನೋಡ್ಬೇಕಿತ್ತು. ಏನ್ಮಾಡ್ಲಿ, ಮುಖದ ಜಾಗ ಖಾಲಿ. ಕಿವಿ ಎರಡೇ ಕಾಣ್ತಿರೋದು."

ಹೆಂಡತಿ ನಗಲಿಲ್ಲ. ಒಡತಿಯೂ ನಗಲಿಲ್ಲ. ಅಣ್ಣ ಇದನ್ನು ತಮಾಷೆಗೇ ಹೇಳಿದ್ದರು. ಸಾಹೇಬರು ಮಾತ್ರ ಟೇಪನ್ನು ಮಡಿಲಲ್ಲಿಟ್ಟುಕೊಂಡು ಹಲಗೆಯ ಮೇಲೆ ಕುಳಿತು, ವೈದ್ಯರ ಬಳಿಯಿಂದ ಬಂದ ದಿನದಿಂದ ಇಂದಿನವರೆಗೆ ಎಣಿಸಿದರು. ಇಪ್ಪತ್ತು ದಿನ. ಮೊದಲ ವ್ಯಾನಿನ ಹಲಗೆ ಸರಿಯಿತ್ತು. ಎರಡನೆಯದೂ ಸರಿಯಿತ್ತು. ನಾಲ್ಕನೆಯ ದಿನವೇ ಹೊರಡಬಹುದಾಗಿತ್ತು. ಆಗ ಗಡಿಯಾರದಲ್ಲಿ ಮುಳ್ಳುಗಳಿದ್ದವು, ತಮ್ಮ ಕುತ್ತಿಗೆಯ ಮೇಲೆ ಅಣ್ಣನಿಗೆ ಒಂದು ಮುಖವಿತ್ತು. ಊರಿನವರು ಕದ್ದದ್ದೆಂದು ಅವರು ಹುಡುಕುತ್ತಿದ್ದದ್ದು ಒಂದು ಬಿಂದು ಎಂಟು. ತಾವು ಕಳೆದದ್ದಕ್ಕೆ ಅಳತೆಯಿರಲಿಲ್ಲ.

ಚೀಲದಿಂದ ದೂರಿನ ಪ್ರತಿಯನ್ನು ತೆಗೆದರು. ಹರಿದು ಹಾಕುವುದು ಕ್ರಮವಲ್ಲ. ಐದೂ ಪುಟಗಳ ಮೇಲೆ ಅಡ್ಡಗೆರೆ ಎಳೆದು, 'ರದ್ದು: ದೂರುದಾರನ ಅಳತೆ ದೋಷಯುಕ್ತ' ಎಂದು ಬರೆದು, ಸಹಿ ಹಾಕಿ, ದಿನಾಂಕ ನಮೂದಿಸಿದರು. ಮೊದಲಿನ ಎರಡು ಅಂಗಡಿಗಳಿಗೆ ಕ್ಷಮಾಪಣೆಯ ಪತ್ರಗಳನ್ನು ಅಲ್ಲೇ, ಹೊಲಿಗೆ ಯಂತ್ರದ ಹಲಗೆಯ ಮೇಲೆ ಬರೆದು ಮುಗಿಸಿದರು. ಆಮೇಲೆ ಒಡತಿಯ ಎದುರು ನಿಂತರು.

"ನಿಮ್ಮ ತಾಯಿಯವರ ಕೋಲು ಒಂದು ಮಿಲಿಮೀಟರ್ ಸವೆದಿದ್ದು ನಿಜ. ಅದನ್ನ ಗಿರಾಕಿಗಳ ಎದುರಿಗೆ ಮುರೀಬೇಕಾಗಿರಲಿಲ್ಲ. ಒಳಗೆ ಕರೆದು ಹೇಳಬಹುದಾಗಿತ್ತು."

"ಹೇಳಬಹುದಾಗಿತ್ತು" ಎಂದಳು ಆಕೆ. ಅಷ್ಟೇ. ಆಮೇಲೆ, "ನಾಳೆ ಬೆಳಿಗ್ಗೆ ಆರಕ್ಕೆ ಬನ್ನಿ. ಟ್ಯಾಂಕ್ ತುಂಬ್ಸಿಟ್ಟಿರ್ತೀನಿ" ಎಂದಳು.

ಮರುದಿನ ಆರು ಗಂಟೆಗೆ ಹೋಗಿ ನೋಡಿದರೆ ವ್ಯಾನು ತೊಳೆದು ನಿಂತಿತ್ತು. ಸಾಹೇಬರು ಚಕ್ರದ ಬೋಲ್ಟುಗಳನ್ನು ಎಣಿಸಿದರು, ಬ್ರೇಕನ್ನು ಮೂರು ಸಲ ತುಳಿದರು, ಹೆಚ್ಚುವರಿ ಚಕ್ರದ ಗಾಳಿಯನ್ನು ಅದುಮಿ ನೋಡಿದರು. ಒಂದು ದಿನದಲ್ಲಿ ಬದಲಾಗುವ ಮನುಷ್ಯ ಅವರಾಗಿರಲಿಲ್ಲ. ಅಂಥವರನ್ನು ಅವರು ನಂಬುತ್ತಲೂ ಇರಲಿಲ್ಲ. ಹಾಸಿಗೆಯ ಪಕ್ಕದಲ್ಲಿ ಉಕ್ಕಿನ ಮೀಟರ್ ಕೋಲು ಒರಗಿತ್ತು.

"ಇದೇಕಮ್ಮಾ ಇಲ್ಲಿ?"

"ದಾರೀಲಿ ಯಾರನ್ನಾದ್ರೂ ಹಿಡೀಬೇಕು ಅನ್ನಿಸಿದ್ರೆ ಬೇಕಾಗುತ್ತಲ್ಲ ಸಾಹೇಬ್ರೇ" ಎಂದು ಒಡತಿ ಮೊದಲ ಬಾರಿಗೆ ನಕ್ಕಳು.

ವ್ಯಾನು ಓಡಿಸಿದವರು ಸಾಹೇಬರು. ಎಡಗಡೆ ಅಣ್ಣ, ಹಿಂದಿನ ಸೀಟಿನಲ್ಲಿ ಹೆಂಡತಿ.

"ಲೋ, ಸೈಕಲ್ಲಿನವನು ಹಿಂದೆ ಹಾಕಿ ಹೋದನಲ್ಲೋ."

"ಅವನು ವೇಗದ ಮಿತಿ ಮೀರಿದ್ದ."

"ಸೈಕಲ್ಲಿಗೆ ಯಾವ ಮಿತಿಯೋ! ಮೂರನೇ ಗೇರಿಗೆ ಹಾಕು. ಎಂಜಿನ್ ಅಳ್ತಿರೋದು ನನಗೆ ಕೇಳ್ತಿದೆ, ಓಡಿಸೋ ನಿನಗೆ ಕೇಳಲ್ವಾ?"

ಎರಡು ದಿನ ಹೀಗೇ ಸಾಗಿತು. ಎಲ್ಲಿ ನಿಲ್ಲಿಸಿದರೂ ಅಣ್ಣ ಯಾರ ಕೈಯನ್ನೂ ಹಿಡಿಯದೆ ಎರಡೂವರೆ ಹೆಜ್ಜೆ ಇಟ್ಟು, ಎಡಗೈಯಿಂದ ದೀಪ ಹಾಕಿಕೊಂಡರು. ಸಾಹೇಬರು ಮಾತ್ರ ಅವರನ್ನು ಗುಟ್ಟಾಗಿ ಪರೀಕ್ಷಿಸುತ್ತಲೇ ಇದ್ದರು. "ಅಣ್ಣಾ, ಮುಂದೆ ಹೋಗ್ತಿರೋ ಲಾರಿ ಯಾವ ಬಣ್ಣ?" ಎಂದರೆ, ಅಣ್ಣ ಮುಖವನ್ನು ಪಕ್ಕದ ಕಿಟಕಿಯತ್ತ ತಿರುಗಿಸಿ "ಹಸಿರು" ಎನ್ನುತ್ತಿದ್ದರು. ಸರಿಯಾಗಿರುತ್ತಿತ್ತು. ಆದರೆ ಲಾರಿ ಮುಂದಿರುವಾಗ ಪಕ್ಕಕ್ಕೆ ನೋಡಿ ಹೇಳುವುದೆಂದರೇನು? ಊಹೆಯಿರಬೇಕು. ತಮ್ಮನಿಗೆ ಪಶ್ಚಾತ್ತಾಪವಾಗದಿರಲೆಂದು ಕಾಣುತ್ತದೆಂಬ ನಟನೆಯಿರಬೇಕು. ಮೂವತ್ತನಾಲ್ಕು ವರ್ಷ ಓಡಿಸಿದವರು ಎಂಜಿನ್ನಿನ ಸದ್ದಿನಿಂದಲೇ ಲಾರಿಯ ಬಣ್ಣ ಹೇಳಿಯಾರು. ಈ ಅನುಮಾನ ಸಾಹೇಬರನ್ನು ಬೇರೆಲ್ಲ ಅನುಮಾನಗಳಿಗಿಂತ ಆಳವಾಗಿ ಕೊರೆಯಿತು. ಇದೊಂದು ಸುಳ್ಳಾಗಲಿ ಎಂದು ಅವರು ಹಾರೈಸುತ್ತಿದ್ದರು.

ಮೂರನೆಯ ದಿನ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಬೆಟ್ಟ ಶುರುವಾಯಿತು. ಅಣ್ಣ ತಿರುವುಗಳನ್ನು ಎಣಿಸುತ್ತಿದ್ದರು. "ಆರು. ಇಲ್ಲಿ ಎಡಕ್ಕೆ ಒತ್ತು. ಏಳು. ಎಂಟು ಚಿಕ್ಕದು, ಗೇರು ಬದಲಾಯಿಸಬೇಡ." ಎಂಟರ ನಂತರ ಬಲಗಡೆ ಬಂಡೆಯ ಗೋಡೆ ಬಂತು. ಅಣ್ಣ ಸೀಟಿನ ಅಂಚಿಗೆ ಸರಿದರು.

ಬಂಡೆ ಮುಗಿಯಿತು.

"ಅಯ್ಯೋ, ನೋಡಿ ನೋಡಿ!" ಎಂದು ಹಿಂದಿನಿಂದ ಹೆಂಡತಿಯ ದನಿ ತನ್ನಷ್ಟಕ್ಕೇ ಹೊರಬಿತ್ತು.

ಅಣ್ಣನ ಮುಖವೆಲ್ಲ ಅರಳಿತು. "ಇದೇ! ಇದೇ ಸದ್ದು ಕಣಮ್ಮಾ! ಮೂವತ್ತನಾಲ್ಕು ವರ್ಷ ನನ್ನ ಬೆನ್ನ ಹಿಂದೆ ಇದೇ ಸದ್ದು. ನಿಲ್ಲಿಸೋ, ನಿಲ್ಲಿಸು!"

ರಸ್ತೆಯ ಅಗಲವಾದ ಅಂಚಿನಲ್ಲಿ ಸಾಹೇಬರು ವ್ಯಾನು ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಅಣ್ಣನನ್ನು ಕೈಹಿಡಿದು ತಡೆಗಂಬಿಯ ಬಳಿಗೆ ಕರೆತಂದರು. ಕೆಳಗೆ ನೀರು ಬೆಟ್ಟದಿಂದ ಬೆಟ್ಟದವರೆಗೆ ಹರಡಿಕೊಂಡಿತ್ತು. ಅಣ್ಣ ಕಂಬಿಯನ್ನು ಎರಡು ಕೈಯಲ್ಲಿ ಹಿಡಿದು ನಿಂತರು. ನಿಂತವರು ಮುಖವನ್ನು ಸರೋವರದಿಂದ ತಿರುಗಿಸಿ, ಹಿಂದಿನ ಬಂಡೆಯತ್ತ ನೆಟ್ಟರು.

ಸಾಹೇಬರಿಗೆ ತೋರಿತು: ಅಣ್ಣನಿಗೆ ಸರೋವರ ಯಾವ ಕಡೆಗಿದೆಯೆಂಬುದೂ ತಿಳಿಯುತ್ತಿಲ್ಲ.

"ಅಣ್ಣಾ, ಸರೋವರ ಈ ಕಡೆ."

"ಸುಮ್ನಿರೋ."

"ಏನು ಕಾಣ್ತಿದೆ ಹೇಳು."

"ವಿಚಾರಣೆ ಶುರು ಮಾಡಿದ್ಯಾ? ನೀರು ಕಾಣ್ತಿದೆ. ಬಿಸಿಲು ಬಿದ್ದ ಕಡೆ ಬಿಳಿ, ಈಚೆ ಕಡೆ ಹಸಿರು."

ಯಾವ ಸರೋವರಕ್ಕೂ ಹೊಂದುವ ಉತ್ತರ. ಸಾಹೇಬರು ಕಂಬಿಯ ಮೇಲೆ ಬೆರಳು ಉಜ್ಜುತ್ತ ನಿಂತರು.

"ದೋಣಿ ಹೊರಟಿತು" ಎಂದರು ಅಣ್ಣ.

ಸಾಹೇಬರು ನೋಡಿದರು. ನೀರಿನ ಮೇಲೆ ಏನೂ ಇರಲಿಲ್ಲ. ಈ ದಡದಿಂದ ಆ ದಡದವರೆಗೆ ಸಾಲು ಸಾಲಾಗಿ, ಇಲಾಖೆಯ ಶಿಸ್ತಿನಿಂದ ಹುಡುಕಿದರು. ದೋಣಿ ಇರಲಿಲ್ಲ. ಅಣ್ಣ ತನಗಾಗಿ ಒಂದು ದೋಣಿಯನ್ನು ಕಟ್ಟಿಕೊಟ್ಟಿದ್ದಾನೆ ಎಂದುಕೊಂಡರು. ಹೌದಣ್ಣಾ, ಹೊರಟಿತು ಎಂದುಬಿಡಬೇಕೆಂದು ಬಾಯಿ ತೆರೆದರು. ಜೀವಮಾನದಲ್ಲಿ ಕಾಣದ್ದನ್ನು ಕಂಡೆನೆಂದು ಅವರು ಎಂದೂ ಹೇಳಿರಲಿಲ್ಲ.

"ಎಲ್ಲಣ್ಣಾ?"

"ಎದುರಿಗೆ ನೋಡ್ತಿದೀಯ, ಅದಕ್ಕೇ. ನಮ್ಮ ಕಾಲ ಬುಡದಲ್ಲೇ, ಮರಗಳ ನೆರಳಿದೆಯಲ್ಲ, ಅಲ್ಲಿ. ಚಿಕ್ಕದು. ಒಬ್ಬನೇ ಇದಾನೆ. ನೇರ ನೋಡಿದ್ರೆ ನನಗೆ ಬರೀ ಮಂಜು ಕಣೋ. ಹೀಗೆ ಓರೆಯಾಗಿ ನಿಂತ್ರೆ ಅಂಚಿಗೆ ಬೀಳುತ್ತೆ. ಅಂಚು ಗಟ್ಟಿಯಾಗಿದೆ. ಮೂವತ್ತನಾಲ್ಕು ವರ್ಷ ಕನ್ನಡೀಲಿ, ಪಕ್ಕದಲ್ಲಿ, ಓರೆಗಣ್ಣಲ್ಲೇ ಅಲ್ವಾ ಊರು ನೋಡಿದ್ದು."

ಸಾಹೇಬರು ಕಂಬಿಯ ಮೇಲೆ ಬಗ್ಗಿ ಕೆಳಗೆ ನೋಡಿದರು. ದಡದ ಮರಗಳ ಕಪ್ಪು ನೆರಳಿನೊಳಗಿಂದ ಒಂದು ಸಣ್ಣ ದೋಣಿ, ಒಬ್ಬನೇ ಮನುಷ್ಯನನ್ನು ಹೊತ್ತು, ನಿಧಾನವಾಗಿ ಬಿಸಿಲಿಗೆ ಬರುತ್ತಿತ್ತು.

ಸಾಹೇಬರು ಆಮೇಲೆ ಜೇಬಿನಿಂದ ನೋಟ್‌ಬುಕ್ಕು ತೆಗೆದು, ಒಂದು ಬಿಂದು ಎಂಟುಗಳ ಪುಟವನ್ನು ಮಗುಚಿ, ಹೊಸ ಪುಟದಲ್ಲಿ ದಿನಾಂಕ, ವೇಳೆ, ಒಂಬತ್ತನೆಯ ತಿರುವು ಎಂದು ಬರೆದರು. ಅದರ ಕೆಳಗೆ: 'ದೋಣಿ ಒಂದು. ಮೊದಲು ಕಂಡವರು, ಅಣ್ಣ.'

"ಏನ್ ಬರೀತಿದೀಯೋ?"

"ಏನಿಲ್ಲ. ಅದು ಆ ದಡ ಮುಟ್ಟೋವರೆಗೂ ನೋಡು. ಆತುರವೇನಿಲ್ಲ" ಎಂದು ಸಾಹೇಬರು ವ್ಯಾನಿಗೆ ಹೋಗಿ, ಅಣ್ಣನಿಗೆ ಕುರ್ಚಿ ತಂದುಹಾಕಿ, ಅದನ್ನು ಬಂಡೆಯ ಕಡೆಗೆ ಮುಖ ಮಾಡಿ ಇಟ್ಟರು.